ಅಮ್ಮನ ಹೆಸರಿನ ಚೀಟಿ

ಕುಲಿಯಾಕಾನ್
೧೪ ಮಾರ್ಚ್ ೧೯೯೪

ಪ್ರೀತಿಯ ಕೊಮಾದ್ರೆ ತೊಮಾಸಾ,

ಹೇಗಿದ್ದೀರಿ ಅಂತ ಕೇಳುವ ಮುಖ ನನಗಿಲ್ಲ. ನಿಮ್ಮ ಕಾಗದ ಬಂದು ಮೂರು ವಾರವಾಯಿತು. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಎದ್ದು ಅಂಗಳಕ್ಕೆ ಹೋದೆ. "ಕೂತರೆ ಕೂರಿ, ನಿಂತರೆ ನಿಲ್ಲಿ, ಅದೇನು ಕಾಲು ಸುಟ್ಟ ಬೆಕ್ಕಿನ ಹಾಗೆ!" ಅಂತ ನನ್ನ ಹೆಂಡತಿ ಚೋಲೆ ಬೈದಳು.

ಮಗ ನಾಬೊರ್‌ನ ಮಣ್ಣಿಗೆ ಬರಲಾಗಲಿಲ್ಲ ಅಂತ ಕೊರಗಬೇಡಿ. ಕಾಗದಪತ್ರವಿಲ್ಲದೆ ಇತ್ತ ಬಂದರೆ ಗಡಿಯಾಚೆ ನೀವು ದುಡಿಯುವ ಆ ಸ್ಟ್ರಾಬೆರಿ ತೋಟಕ್ಕೆ ಮತ್ತೆ ಹೋಗುವುದು ಹೇಗೆ? ಊರಿಗೆ ಊರೇ ಸೇರಿತ್ತು. ನಮ್ಮ ಬ್ಯಾಂಡು ಸಮಾಧಿಯವರೆಗೂ ನಾಬೊರ್‌ನ ಹಾಡುಗಳನ್ನೇ ನುಡಿಸಿತು. ನನ್ನ ತೂಬಾ ಕಹಳೆ ಮಾತ್ರ ನಡುನಡುವೆ ಕೆಮ್ಮುತ್ತಿತ್ತು. ಅವನಿದ್ದಿದ್ದರೆ, "ಪದ್ರಿನೊ, ಕೆಮ್ತಿರೋದು ತೂಬಾನೋ, ನೀವೋ?" ಅಂತ ಮೈಕಿನಲ್ಲೇ ಕಾಲೆಳೆಯುತ್ತಿದ್ದ.

ಜ್ಞಾನಸ್ನಾನಕ್ಕೆ ಅವನನ್ನು ಎತ್ತಿಕೊಂಡು ನಿಂತು, ಅವನಿಗೆ ಪದ್ರಿನೊ ಅಂದರೆ ಧರ್ಮತಂದೆ, ನಿಮಗೆ ಕೊಂಪಾದ್ರೆ ಆದವನು ನಾನೇ ಅಲ್ಲವೇ? ಟೊಮೇಟೊ ಪೆಟ್ಟಿಗೆ ಹೊರುತ್ತ ಹಾಡುತ್ತಿದ್ದವನನ್ನು ಬ್ಯಾಂಡಿಗೆ ಕರೆತಂದವನೂ ನಾನೇ. ಆಗ ನೀವು ಹಾಕಿದ ಷರತ್ತು ಒಂದೇ: ಅಪ್ಪನ ಹೆಸರು, ಹುಟ್ಟಿದೂರು ಯಾರ ಬಾಯಲ್ಲೂ ಬರಬಾರದು. ನಿಮ್ಮ ಗಂಡ ಸಿಪ್ರಿಯಾನೊ, ಐಸ್ಪೂರೊ ಮನೆತನದ ಹಿರಿಮಗನನ್ನು ಕೊಂದು ತಾನೂ ಸತ್ತಿದ್ದ. ಆ ಮನೆಯವರು ಮರೆಯುವ ಜನವಲ್ಲ. ಹಾಗಾಗಿ ನಾಬೊರ್ ಬೆಲ್ತ್ರಾನ್ ಹೋಗಿ ನಾಬೊರ್ ಸೋಲಿಸ್ ಆದ.

"ಅವನು ಯಾರ ಮಗ ಅಂತ ಅವರಿಗೆ ಹೇಗೆ ಗೊತ್ತಾಯ್ತು, ಕೊಂಪಾದ್ರೆ?" ಅಂತ ಕೇಳಿದ್ದೀರಿ. ಮುಖದಲ್ಲಿ ಅಪ್ಪನ ಕಳೆ ಇತ್ತು ಅನ್ನುತ್ತಾರೆ ಕೆಲವರು. ಜನರ ಬಾಯಿಗೆ ಬೀಗ ಉಂಟೇ? ಅಲ್ಲಿ ಚಳಿ ಹೇಗಿದೆ? ನಿಮ್ಮ ಸೊಂಟ ನೋವು? ಆ ಭಾನುವಾರ ಮಧ್ಯಾಹ್ನ, ಕುದುರೆ ಓಟ ಮುಗಿದ ಮೇಲೆ ನಾಬೊರ್ ಲಾರಿ ಹತ್ತಿ ಹಾಡಿದ. ಇಳಿದು ನೀರು ಕುಡಿಯುತ್ತಿದ್ದಾಗ ಇಬ್ಬರು ಬಂದರು. ಐದು ಗುಂಡು. ಹೆಚ್ಚು ನರಳಲಿಲ್ಲ, ಅದನ್ನು ನಂಬಿ.

ಗ್ವಾದಲೂಪೆ ಮಾತೆ ನಿಮ್ಮನ್ನು ತನ್ನ ಸೆರಗಿನೊಳಗೆ ಇಟ್ಟುಕೊಳ್ಳಲಿ.

ನಿಮ್ಮ ಕೊಂಪಾದ್ರೆ,
ಎಪಿಫಾನಿಯೊ

ತಾ.ಕ.: ಜೊತೆಗೆ ಕ್ಯಾಸೆಟ್ ಇಟ್ಟಿದ್ದೇನೆ. "ನನ್ನ ಹುಟ್ಟುಹಬ್ಬಕ್ಕೆ ಅವನ ಕೈಲಿ ಮೈಕಲ್ಲಿ ಈ ಅಮ್ಮನಿಗೊಂದು ನಮಸ್ಕಾರ ಹೇಳಿಸಿ, ರೆಕಾರ್ಡ್ ಮಾಡಿ ಕಳಿಸಿ" ಅಂತ ಫೋನಿನಲ್ಲಿ ಕೇಳಿದ್ದಿರಲ್ಲ, ಅದು. ಆ ಭಾನುವಾರ, ಹಾಡಿನ ನಡುವೆ ಓದಲು ಜನ ಕೊಡುವ ಚೀಟಿಗಳ ಜೊತೆ ನನ್ನದನ್ನೂ ಸೇರಿಸಿ ಅವನಿಗೆ ಕೊಟ್ಟೆ. ಬಂದ ಚೀಟಿಯನ್ನು ಬಂದ ಹಾಗೇ ಒಂದೇ ಉಸಿರಿಗೆ ಓದುವುದು ಅವನ ರೂಢಿ. "ಹೆತ್ತಮ್ಮ ತೊಮಾಸಾಗೆ ನಮಸ್ಕಾರ" ಎಂದಷ್ಟೇ ಬರೆದಿದ್ದರೆ ಸಾಕಿತ್ತು. "ಲಾಸ್ ಪಿತಾಯಾಸ್ ಊರಿನ ಸಿಪ್ರಿಯಾನೊ ಬೆಲ್ತ್ರಾನರ ಪತ್ನಿ" ಅಂತ ಸೇರಿಸಿದವನು ನಾನು. ನಿಮಗೆ ಗೌರವವಾಗಲಿ ಅಂತ. ಇಪ್ಪತ್ತು ವರ್ಷವಾಯಿತಲ್ಲ, ಹಗೆ ಆರಿರುತ್ತದೆ ಅಂದುಕೊಂಡೆ. ಓದಿ ಮುಗಿಸಿ ಅವನು ನನ್ನ ಕಡೆ ತಿರುಗಿ ನೋಡಿದ. ಆಮೇಲೆ ನಿಮಗಾಗಿ ಇನ್ನೂ ಎರಡು ಹಾಡು ಹಾಡಿದ.

ಆ ಚೀಟಿ ಓದಿದ್ದು ಎರಡನೇ ಬದಿಯಲ್ಲಿದೆ. ಅಳಿಸೋಣ ಅಂತ ಎಷ್ಟೋ ಸಲ ಕೂತೆ, ಕೈ ಬರಲಿಲ್ಲ. ಅದರಲ್ಲಿ ಅವನು ನಿಮ್ಮನ್ನು "ಅಮ್ಮಾ" ಅಂದಿದ್ದಾನೆ.