ಎಪ್ಪತ್ತು ದಾಟಿದರೆ ನಡುಕ

ಸೆಪ್ಟೆಂಬರ್ 15, ಸೋಮವಾರ

ಇಂದೂ ಅದೇ. ಸೇಡಂ ಬಿಡುವಾಗ ಇವರು ಕ್ಲಚ್ ಬಿಟ್ಟ ಕೂಡಲೇ ಕೆಳಗಿನಿಂದ ಠಕ್ — ಸುತ್ತಿಗೆಯಿಂದ ಒಮ್ಮೆ ಬಡಿದ ಹಾಗೆ. ಎಪ್ಪತ್ತು ದಾಟಿದರೆ ಸೀಟು ನಡುಗುತ್ತದೆ. ತೊಡೆಯ ಮೇಲಿನ ಕವನ ಸಂಕಲನದಲ್ಲಿ ಅಕ್ಷರಗಳು ಒಂದರ ಮೇಲೊಂದು. ನಾನು ಪಾಠ ಹೇಳುವ ಚಿತ್ತಾಪುರದ ಕಾಲೇಜು ಗೇಟಿಗೆ ಬರುವಷ್ಟರಲ್ಲಿ ತಲೆನೋವು.

ಇಪ್ಪತ್ತಾರು ವರ್ಷದ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು. ಇವರಿಗೆ ಮೊದಲು ಅದು. ಹಲ್ಲಿನ ದವಾಖಾನೆ, ನಾನು — ಆಮೇಲೆ.

"ಗಾಡಿ ನಡುಕ ಕೈಗೆ ಇಳದದ," ಅಂದರು ಸಂಜೆ. ಆಡಕಿಯ ಭೀಮಮ್ಮ ದವಡೆ ಹಲ್ಲು ಕೀಳಿಸಲು ಬಂದಿದ್ದಳು. ಗಾಡಿ ನೆಟ್ಟಗಾದ ಮೇಲೆ ಬಾ ಎಂದು ಕಳಿಸಿದ್ದಾರೆ. ಈ ತಿಂಗಳು ಹೀಗೆ ವಾಪಸಾದವರಲ್ಲಿ ನಾಲ್ಕನೆಯವಳು.

ಹೋಗುವಾಗ ನನ್ನ ಕಡೆ ತಿರುಗಿ — "ಅಕ್ಕೋರೆ, ನನ್ ಹಲ್ಲಿಗೂ ನಿಮ್ ಗಾಡಿಗೂ ಏನ್ ಬೀಗಸ್ತನರಿ?"

ನಕ್ಕೆ. ಆಮೇಲೆ ನಗು ಬರಲಿಲ್ಲ.

ಸೆಪ್ಟೆಂಬರ್ 21, ಭಾನುವಾರ

ಶಹಾಬಾದಿನ ಗಾಡಿ ಮೇಸ್ತ್ರಿ ಹಾಜಿಮಲಂಗ್ ಮನೆಗೇ ಬಂದಿದ್ದರು. ಮೊದಲ ಪ್ರಶ್ನೆ — "ನಡುಕ ಸೀಟಿನಾಗ ಬರ್ತದೋ, ಸ್ಟೇರಿಂಗ್‌ನಾಗೋ?"

ನಾನು ಸೀಟು ಅಂದೆ. ಇವರು ಸ್ಟೇರಿಂಗ್ ಅಂದರು. ಒಟ್ಟಿಗೇ.

"ಇಬ್ರೂ ಒಂದೇ ಗಾಡ್ಯಾಗ ಕುಂತಿದ್ರಿಲ್ರಿ?"

ಕಾರಿನ ಅಡಿಗೆ ಹೋಗಿ, ಎಂಜಿನ್‌ನಿಂದ ಹಿಂದಿನ ಗಾಲಿಗಳಿಗೆ ಹೋಗುವ ಉದ್ದದ ಕಬ್ಬಿಣದ ದಂಡ ಹಿಡಿದು ತಿರುವಿದರು. ಕಟಕಟ. "ಕ್ರಾಸ್ ಖಲಾಸ್ ಆಗ್ಯಾದ್ರಿ, ಡಾಕ್ಟರ್ ಸಾಬ್." ಕ್ರಾಸ್ ಅಂದರೆ ದಂಡದ ತುದಿಯ ಕೀಲು. ಹೊಸದು ಹೈದರಾಬಾದಿನಿಂದ ಬರಬೇಕು. ಬಿಚ್ಚುವ ಮುಂಚೆ ದಂಡಕ್ಕೂ ಅದು ಕೂಡುವ ಜಾಗಕ್ಕೂ ಸೀಮೆಸುಣ್ಣದಿಂದ ಒಂದೊಂದು ಗೆರೆ ಎಳೆದರು. "ಹೆಂಗ ಬಿಚ್ಚೀನಿ ಹಂಗೇ ಕೂಡಬೇಕ್ರಿ. ಗೆರಿಗೆ ಗೆರಿ. ಇಲ್ಲಾಂದ್ರ ಮತ್ತ ನಡಗ್ತದ."

ದಂಡ ಅಂಗಳದಲ್ಲಿ, ಗೋಣಿಚೀಲದ ಮೇಲೆ.

ಅಕ್ಟೋಬರ್ 1

ಆಯುಧ ಪೂಜೆ. ಮನೆಯ ಕಬ್ಬಿಣವೆಲ್ಲ ತೊಳೆದೆವು — ಈಳಿಗೆ, ಕುಡಗೋಲು, ಇವರ ಇಕ್ಕಳಗಳು. ಅತ್ತೆ ಒಂದನ್ನೂ ಬಿಡುವವರಲ್ಲ. ದಂಡವನ್ನು ನಾನೇ ಸೀಮೆಎಣ್ಣೆ ಹಾಕಿ ತಿಕ್ಕಿದೆ. ಅತ್ತೆ ವಿಭೂತಿ ಬಳಿದು ಹೂ ಏರಿಸಿದರು.

ಅಕ್ಟೋಬರ್ 5, ಭಾನುವಾರ

"ವಿಭೂತಿ ಭಾಳ ಛಂದ ಅದರಿ. ನನ್ನ ಗೆರಿ ಎಲ್ಲಿ ಹೋತು?" — ಹಾಜಿಮಲಂಗ್.

"ನಿನ್ನ ಗೆರೀಕಿಂತ ದೇವರ ಗೆರಿ ಗಟ್ಟಿ. ಸುಮ್ನ ಕೂಡ್ಸೋ," ಅಂದರು ಅತ್ತೆ.

ಅಂದಾಜಿನ ಮೇಲೆ ಕೂಡಿಸಿದರು. ಠಕ್ ಹೋಯಿತು, ಪೂರ್ತಿ. ನಡುಕ ಹಾಗೇ ಇದೆಯಂತೆ. ಇವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 12

ದಂಡವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಕೂಡಿಸಿದ್ದಾಯಿತು. ಗಾಲಿಗಳ ಬ್ಯಾಲೆನ್ಸಿಂಗೂ ಆಯಿತು. ಹಾಜಿಮಲಂಗ್ ವಾಡಿಯವರೆಗೆ ಓಡಿಸಿ ಬಂದು — "ಬಿಲಕುಲ್ ಇಲ್ರಿ." ಇವರು — "ಸ್ಟೇರಿಂಗ್‌ನಾಗ ಅದ, ನನಗ ಗೊತ್ತಾಗಲ್ಲೇನು?"

ಚಹಾ ಕೊಟ್ಟೆ. ಇವರು ಕಪ್ ಕೈಗೆ ತೆಗೆದುಕೊಳ್ಳಲಿಲ್ಲ, ಬಾನೆಟ್ ಮೇಲೆ ಇಡು ಅಂದರು. ಹಾಜಿಮಲಂಗ್ ಅದನ್ನೇ ನೋಡುತ್ತಿದ್ದರು. ಹೋಗುವಾಗ ಗೇಟಿನ ಬಳಿ ಮೆಲ್ಲಗೆ — "ಅಕ್ಕೋರೆ, ಸೀಟಿನ ನಡುವ ಅರ್ಧ ಗ್ಲಾಸ್ ನೀರ್ ಇಡ್ರಿ. ಗಾಡಿ ನಡಗಿದ್ರ ನೀರ್ ಮ್ಯಾಗ ಸಣ್ಣ ಉಂಗುರ ಏಳ್ತಾವ. ನೀರು ಸುಳ್ಳ ಹೇಳಂಗಿಲ್ರಿ."

ಅಕ್ಟೋಬರ್ 16, ಗುರುವಾರ

ಕಾರಿನಲ್ಲಿ ಮೂರು ಪುಟ ಓದಿದ್ದೆ. ಚಿತ್ತಾಪುರ ಹತ್ತಿರ ಬಂದಾಗಲೇ ಹೊಳೆಯಿತು — ಅಕ್ಷರಗಳು ನೆಟ್ಟಗೆ ನಿಂತಿದ್ದವು. ವೇಗ ಎಂಬತ್ತು. ಅಷ್ಟರಲ್ಲಿ ಇವರು — "ನೋಡು, ಶುರು ಆತು."

ಪುಸ್ತಕ ಮುಚ್ಚಿ "ಹೌದ್ರಿ" ಅಂದೆ.

ಯಾಕೆ ಅಂದೆ? ನಾನು ಅಳಿಸಿದ ಗೆರೆಯೇ ಕಾರಣವಾಗಿರಲಿ. ನನ್ನ ತಪ್ಪೇ ಆಗಿರಲಿ. ತಪ್ಪಾದರೆ ಬಿಚ್ಚಿ ಮತ್ತೆ ಕೂಡಿಸಬಹುದು.

ಗ್ಲಾಸು ಇಡಲಿಲ್ಲ.

ಅಕ್ಟೋಬರ್ 26, ಭಾನುವಾರ, ಸಂಜೆ

ಹತ್ತು ದಿನ ಬರೆಯಲಿಲ್ಲ. ನಾಳೆ ಭೀಮಮ್ಮ ಮತ್ತೆ ಬರುತ್ತಾಳೆ. ಗಲ್ಲ ಊದಿಕೊಂಡಿದೆಯಂತೆ. ಫೋನಿನಲ್ಲಿ ಅತ್ತಳು. ಇವರು ಬಾ ಅಂದುಬಿಟ್ಟರು.

ಮಧ್ಯಾಹ್ನ ನಾನೇ ಸ್ಟೀಲ್ ಗ್ಲಾಸಿನಲ್ಲಿ ಅರ್ಧ ನೀರು ತುಂಬಿ, ಸೀಟುಗಳ ನಡುವೆ ಬಟ್ಟೆ ಸುತ್ತಿ ಸಿಕ್ಕಿಸಿದೆ. ಇವರು ಏನು ಅಂತ ಕೇಳಲಿಲ್ಲ. ವಾಡಿ ರಸ್ತೆ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಲಾರಿಗಳಿಲ್ಲ. ಎಪ್ಪತ್ತು. ಎಂಬತ್ತು. ತಗ್ಗು ಬಂದಾಗ ನೀರು ಒಮ್ಮೆ ತುಳುಕಿತು, ಮತ್ತೆ ಸುಮ್ಮನಾಯಿತು. ಉಂಗುರವಿಲ್ಲ.

"ನಡಗಲಿಕತ್ತದ," ಅಂದರು. ನಾನು ಗ್ಲಾಸಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

ರಾವೂರ ದಾಟಿ ಬೇವಿನ ನೆರಳಲ್ಲಿ ನಿಲ್ಲಿಸಿದರು. ಎಂಜಿನ್ ಬಂದ್ ಮಾಡಿ, ಗ್ಲಾಸು ಎತ್ತಿಕೊಂಡರು — ಕುಡಿಯಲೆಂದೇ ಇರಬೇಕು. ನಿಂತ ಗಾಡಿ. ನೀರಿನ ಮೇಲೆ ಒಂದರ ಹಿಂದೊಂದು ಸಣ್ಣ ಉಂಗುರ. ಇವರೂ ನೋಡಿದರು. ಎರಡನೇ ಕೈಯನ್ನೂ ಹಚ್ಚಿದರು.

"ಬಸವೇಶ್ವರಿ," ಅಂದರು. ಪೂರ್ತಿ ಹೆಸರು ಹಿಡಿದು ಕರೆದು ಎಷ್ಟೋ ವರ್ಷವಾಯಿತು. "ನಾಳಿ ಭೀಮಮ್ಮಗ ಏನ್ ಹೇಳ್ಲಿ?"

ಇವರ ಅಂಗಿಯ ಮೇಲೆ ನೀರು ಬಿತ್ತು. ನಾನು ಗ್ಲಾಸಿನ ಕೆಳಗೆ ನನ್ನ ಕೈ ಕೊಟ್ಟೆ.