ನಿನ್ನ ಹಗ್ಗ ಕತ್ತರಿಸಿದ್ದು ನಾನೇ

ಈರಣ್ಣ ಮಾಮಾ,

ನಿನ್ನ ಹಗ್ಗವನ್ನು ಕತ್ತರಿಸಿ ಹಾಕಿದ್ದು ನಾನೇ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳು. ಸಿಟ್ಟು ಬಂದರೆ ಬರಲಿ. ಕ್ಷಮೆಯಂತೂ ಕೇಳುವುದಿಲ್ಲ.

ಆ ಶನಿವಾರ ಮಗ್ಗದ ಮನೆಗೆ ಬಂದು, ಬಂಡೆ ಹತ್ತುವ ಹಗ್ಗದ ಸುರುಳಿಯನ್ನು ನನ್ನ ಪಕ್ಕ ಇಟ್ಟು ಚಹಾ ಕುಡಿದೆಯಲ್ಲ, ನೆನಪಿದೆಯೇ? ನಾನು ಸುಮ್ಮನೆ ಅದರ ಮೇಲೆ ಬೆರಳಾಡಿಸಿದೆ. ದಿನವಿಡೀ ನೂಲು ಮುಟ್ಟುವವಳು ನಾನು. ಒಂದು ಕಡೆ ಹೊರಗಿನ ಹೆಣಿಗೆ ಸವೆದು ಒಳಗಿನ ಬಿಳಿ ಎಳೆಗಳು ಕಾಣುತ್ತಿದ್ದವು. "ಮಾಮಾ, ಇದು ಮುಗದೈತಿ. ಇದರ ಮ್ಯಾಲೆ ಇಳೀಬ್ಯಾಡ" ಎಂದೆ. ನೀನು ನಕ್ಕೆ. "ಇಷ್ಟು ವರ್ಷ ನನ್ನ ಹೊತ್ತೈತಿ ನೀಲವ್ವಾ, ನಾಳೆ ಒಂದಿನ ಹೊರಂಗಿಲ್ಲೇನು?" ಆಗಲೇ ನಾನು ಕತ್ತರಿ ಕೈಗೆತ್ತಿಕೊಂಡಿದ್ದರೆ...

ಮರುದಿನ ಬೆಳಿಗ್ಗೆ ಕೋಟೆ ಗುಡ್ಡದ ದೊಡ್ಡ ಬಂಡೆಯಿಂದ ನೀನು ಒಬ್ಬನೇ ಇಳಿಯುತ್ತಿದ್ದೆ. ಅಂಚಿನ ಕಲ್ಲಿಗೆ ಉಜ್ಜಿ ಹಗ್ಗ ಅದೇ ಜಾಗದಲ್ಲಿ ಹರಿಯಿತು. ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ಪಡಸಾಲೆಯಲ್ಲಿ ಕೂತ ಹಿರಿಯರದೆಲ್ಲ ಒಂದೇ ಮಾತು: "ಗುಡ್ಡ ಅವನ್ನ ಕರಕೊಂಡ್ತು. ಹಣೇಬರಹ." ನನಗೆ ತಡೆಯಲಾಗಲಿಲ್ಲ. "ಗುಡ್ಡ ಏನೂ ಮಾಡಿಲ್ರಿ. ಹಳೇ ಹಗ್ಗ ಹರೀತು. ಅಂವಾ ನನ್ನ ಮಾತು ಕೇಳ್ಲಿಲ್ಲ" ಎಂದೆ. ಸತ್ತವನ ಬಗ್ಗೆ ಹೀಗೂ ಮಾತಾಡುತ್ತಾರೆಯೇ ಎಂದು ನಿನ್ನ ಅಕ್ಕ, ನನ್ನ ಅವ್ವ, ಕಣ್ಣು ಕೆಂಪಗೆ ಮಾಡಿದಳು. ಸುಳ್ಳು ಹೇಳಿ ನಿನಗೆ ಮರ್ಯಾದೆ ಕೊಡಬೇಕಿತ್ತೇ?

ಉಳಿದ ಹಗ್ಗವನ್ನು ನಿನ್ನ ಫೋಟೋದ ಪಕ್ಕ ಮೊಳೆಗೆ ತೂಗುಹಾಕಿ ಹೂ ಏರಿಸಿದರು. ಒಂದು ಸಂಜೆ ನಿಮ್ಮ ಮನೆಗೆ ಹೋದಾಗ ಮೊಳೆ ಖಾಲಿ. ನನ್ನ ಹಾಗೆಯೇ ನಿನ್ನ ಹತ್ತಿರ ಬಂಡೆ ಹತ್ತುವುದನ್ನು ಕಲಿಯುತ್ತಿದ್ದ ಕಾಲೇಜಿನ ಇಬ್ಬರು ಹುಡುಗಿಯರು ನಿನ್ನ ನೆನಪಿಗೆಂದು ಅದೇ ಹಗ್ಗದಲ್ಲಿ ಹತ್ತಲು ಗುಡ್ಡಕ್ಕೆ ಒಯ್ದಿದ್ದರು. ಓಡಿದೆ ಮಾಮಾ, ಚಪ್ಪಲಿ ಬಿಟ್ಟು ಓಡಿದೆ. ಅವರು ಸೊಂಟಕ್ಕೆ ಕಟ್ಟಿಕೊಳ್ಳುವ ಮೊದಲೇ ಕಸಿದುಕೊಂಡೆ. ಮನೆಗೆ ತಂದು, ನಿನ್ನ ಹೆಂಡತಿ ಗಂಗತ್ತೆಯ ಎದುರಿಗೇ ಕೂತು ತುಂಡು ತುಂಡು ಮಾಡಿದೆ. ಅವಳು ನನ್ನ ಕೈ ಹಿಡಿದು ಚೀರಿದಳು. "ಅಂವಂದು ಅಂತ ಉಳದಿದ್ದು ಅದೊಂದ!"

"ಇದು ಇನ್ನೊಬ್ಬರ ಜೀವಾ ತೊಗೋತೈತಿ ಅತ್ತಿ."

ಅವಳು ನನ್ನ ಕೈ ಬಿಟ್ಟಳು.

ಅದಾದ ಮೇಲೆ ಅವ್ವ ಬಾಗಿಲಿಗೆ ಅಡ್ಡ ನಿಂತು, "ಇನ್ನ ಗುಡ್ಡದ ಕಡೆ ಕಾಲಿಟ್ಟೀ ನೋಡ್" ಎಂದಳು. ಇಟ್ಟೆ. ಹೊಸ ಹಗ್ಗ ತರಿಸಿದೆ. ಬಾದಾಮಿಯಿಂದ ಬಲ್ಲವರನ್ನು ಕರೆಸಿ, ನೀನು ಬಿದ್ದ ಬಂಡೆಯ ನೆತ್ತಿಯಲ್ಲೇ ಹಗ್ಗ ಸಿಕ್ಕಿಸಲು ಎರಡು ಬೋಲ್ಟ್ ಹೊಡೆಸಿದೆ, ಹಗ್ಗ ಅಂಚಿಗೆ ತಾಗದ ಹಾಗೆ. ಆ ಹುಡುಗಿಯರೂ ಬರುತ್ತಾರೆ. ಹೆಲ್ಮೆಟ್ ಇಲ್ಲದೆ ಯಾರನ್ನೂ ಹತ್ತಿಸುವುದಿಲ್ಲ. ಪ್ರತಿ ಸಲ ಇಡೀ ಹಗ್ಗವನ್ನು ತುದಿಯಿಂದ ತುದಿಗೆ ತಡವಿ ನೋಡುತ್ತೇನೆ. ನೀನಿದ್ದಿದ್ದರೆ ಅಂಜುಬುರುಕಿ ಎಂದು ನಗುತ್ತಿದ್ದೆ, ಅಲ್ಲವೇ? ನಗು. ನಾನು ಹತ್ತುವುದನ್ನು ಬಿಡುವುದಿಲ್ಲ, ಅಂಜುವುದನ್ನೂ ಬಿಡುವುದಿಲ್ಲ.

ಹೋದ ಭಾನುವಾರದ ಸುದ್ದಿಯೊಂದು ನಿನಗೆ ಗೊತ್ತಿಲ್ಲ. ಗಂಗತ್ತೆ ನಿಮ್ಮ ಮಗಳ ಪ್ಯಾಂಟು ಹಾಕಿಕೊಂಡು ಬಂಡೆಯ ಬುಡಕ್ಕೆ ಬಂದು ನಿಂತಳು. ಮದುವೆಯಾಗಿ ಇಷ್ಟು ವರ್ಷವಾದರೂ ನೀನು ಒಂದು ಸಲವೂ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿರಲಿಲ್ಲ. "ನನಗೂ ಕಟ್ಟು" ಎಂದಳು. ಕಟ್ಟಿದೆ. ನಾನು ಕೆಳಗೆ ನಿಂತು ಹಗ್ಗ ಹಿಡಿದೆ. ಅರ್ಧಕ್ಕೆ ನಿಂತು ಅವಳು ಕೆಳಗೆ ನೋಡಿದಳು.

"ಬಿಡಂಗಿಲ್ಲ ಅಲಾ, ನೀಲಾ?"

"ಬಿಡಂಗಿಲ್ಲ. ಹತ್ತು."

ಹತ್ತಿದಳು. ನೆತ್ತಿ ಮುಟ್ಟಿ, ಹಗ್ಗ ಕಟ್ಟಿಕೊಂಡೇ ಕೂತು, ರೋಣದ ಕಡೆಯ ಕಪ್ಪು ಎರಿ ಹೊಲಗಳನ್ನು ನೋಡತೊಡಗಿದಳು. ಬಿಸಿಲೇರಿತು. ಇಳಿಯುವ ಲಕ್ಷಣವೇ ಇಲ್ಲ. ನಾನು ಕೂಗಿದೆ, "ಅತ್ತೀ, ಇಳೀತೀಯೇನ?"

ಮೇಲಿನಿಂದ ಉತ್ತರ ಬಂತು. "ತಡಿಯವಾ! ಇಷ್ಟು ವರ್ಷ ಇದನ್ನೆಲ್ಲಾ ಒಬ್ಬನೇ ನೋಡ್ಯಾನ ಅಂವಾ. ಈಗ ನಾ ನೋಡ್ತೀನಿ."

ನಿನ್ನ
ನೀಲಾ