ಮಂಜುಗಡ್ಡೆಯ ಮೇಲೆ ಕುದುರೆ

ಪ್ರೀತಿಯ ಅಕ್ಕಾ,

"ಮಂಜುಗಡ್ಡೆಯೆಂದರೆ ನಿದ್ದೆಹೋದ ನೀರು" ಎಂದು ಎಲ್ಲೋ ಓದಿದ ನೆನಪು. ನಿದ್ದೆಹೋದ ನೀರೋ, ನಿದ್ದೆ ನಟಿಸುವ ನೀರೋ? ಬೆಳಗಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ.

ಕಾರ್ಡಿನ ಹಿಂಬದಿಯ ಹಳೆಯ ಚಿತ್ರ ನೋಡು. ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಊರೆಲ್ಲ ಜಾರಿ ಬೀಳುತ್ತಿದೆ, ಬಂಡಿಯ ಕುದುರೆ ಮಾತ್ರ ನೆಟ್ಟಗೆ ನಿಂತಿದೆ. ಕುದುರೆಯನ್ನು ಹೊತ್ತ ಮಂಜುಗಡ್ಡೆ ನಮ್ಮನ್ನೂ ಹೊರುತ್ತದೆ ಎಂದು ಧೈರ್ಯ ಹೇಳಲಿಕ್ಕೇ ನಮ್ಮ ಡಚ್ ಚಿತ್ರಕಾರರು ಕುದುರೆಯನ್ನು ಅಲ್ಲಿ ನಿಲ್ಲಿಸುತ್ತಿದ್ದರೇನೋ. ಇಲ್ಲಿ ಉತ್ತರದ ಫ್ರೀಸ್‌ಲಾಂಡಿನಲ್ಲಿ ನನ್ನ ಗಂಡ ಶೂರ್ಡನ ಊರಿನವರು ಅದನ್ನು ನಂಬಿಯೇ ಬಿಟ್ಟಿದ್ದಾರೆ. ಇವತ್ತು ಶೂರ್ಡ್ ತನ್ನ ಕರಿಯ ಹೆಣ್ಣುಕುದುರೆಯನ್ನು ಅಜ್ಜನ ಹಿಮಬಂಡಿಗೆ ಕಟ್ಟಿ ಕಾಲುವೆಗೆ ಇಳಿಸುತ್ತಾನಂತೆ. ಅದನ್ನು ಹಳೆಯ ಚಿತ್ರದಂತೆಯೇ ಬರೆಯಲು ಊರಿನ ಚಿತ್ರಗಾರ್ತಿ ಬೌಕ್ಯೆ ದಡದಲ್ಲಿ ಕಾದಿದ್ದಾಳೆ. ಮಂಜುಗಡ್ಡೆಯ ದಪ್ಪ ಅಳೆಯುವಾತ, "ಜನಕ್ಕೆ ಸಾಕು, ಕುದುರೆ ಮಾತು ಮಾತ್ರ ನನ್ನ ಕೇಳಬೇಡಿ" ಎಂದು ಹೇಳಿ ಹೊರಟುಹೋದ.

"ಅತ್ತಿಗೆ, ಇಷ್ಟೊಂದು ಚಿತ್ರ ನೋಡಿದ್ದೀರಿ, ಒಂದ್ ಕುದುರೆನಾದ್ರೂ ಮುಳುಗಿದ್ಯಾ?" ಎಂದು ಮೈದುನ ನಕ್ಕ.

"ಮುಳುಗಿದ್ದನ್ನ ಬರೆದ್ರೆ ಯಾರಪ್ಪಾ ಗೋಡೆಗೆ ತಗುಲಿಹಾಕ್ತಾರೆ?" ಎಂದೆ. ಯಾರೂ ಕಿವಿಗೊಡಲಿಲ್ಲ. ನೋಡಲಾರದೆ ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಮ್ಮು ಕಡಿಮೆಯಾಗಿದೆ. ನೀನು ಕಳಿಸಿದ ಉಣ್ಣೆಯ ಕಾಲುಚೀಲವನ್ನು ಶೂರ್ಡನೇ ಹಾಕಿಕೊಂಡು ಹೋಗಿದ್ದಾನೆ. ಯಾರೋ ಓಡಿಬರುತ್ತಿದ್ದಾರೆ, ನಿಲ್ಲಿಸುತ್ತೇನೆ.

ನಿನ್ನ ಫೀನ್

ಬಂದವಳು ಪಕ್ಕದ ಮನೆಯ ಹಿಲ್ಚೆ. ಬಾಗಿಲಲ್ಲೇ ನಿಂತು ಏದುಸಿರು ಬಿಡುತ್ತ ಹೇಳಿದಳು: "ಕುದುರೆ ದಡ ಬಿಟ್ಟು ಒಂದ್ ಹೆಜ್ಜೆನೂ ಇಡ್ಲಿಲ್ಲ ಕಣೇ! ಈಗ ನಿನ್ನ ಗಂಡನೇ ಬಂಡಿಗೆ ಹೆಗಲು ಕೊಟ್ಟು ಎಳೀತಿದ್ದಾನೆ, ಬೌಕ್ಯೆ ಅವನನ್ನೇ ಬರೀತಿದ್ದಾಳೆ."